ಉತ್ತರ ಗೊತ್ತಿತ್ತು, ಬಾಯಿ ಬರಲಿಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

23 ವರ್ಷದ ಹುಡುಗ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಆಮೇಲೆ ಇಂಜಿನಿಯರಿಂಗ್. ಮಾರತಹಳ್ಳಿಯ ಪಿಜಿಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದ. ನಾಲ್ಕು ಕಡೆ ಆನ್‌ಲೈನ್ ಕೋಡಿಂಗ್ ಟೆಸ್ಟ್ ಪಾಸಾಗಿ, ಮುಂದಿನ ಸುತ್ತಿನಲ್ಲಿ ನಾಲ್ಕೂ ಕಡೆ ರಿಜೆಕ್ಟ್. "ನನಗೆ ತಲೆ ಇಲ್ಲ ಮೇಡಂ. ಅಪ್ಪ ಫೋನ್ ಮಾಡಿದ್ರೆ ಎತ್ತೋಕೂ ಭಯ" ಅಂತ ಸಲಹೆ ಕೇಳಲು ನನ್ನ ಹತ್ತಿರ ಬಂದ.

ತಲೆ ಇಲ್ಲದವನು ಟೆಸ್ಟ್ ದಾಟುತ್ತಿರಲಿಲ್ಲ, ಅಲ್ವಾ? ಕೊನೆಯ ಇಂಟರ್‌ವ್ಯೂನಲ್ಲಿ ನಡೆದದ್ದನ್ನೆಲ್ಲ ಬಿಡಿಬಿಡಿಯಾಗಿ ಹೇಳಿಸಿದೆ. ಒಂದು ಪಟ್ಟಿಯಲ್ಲಿ ಯಾವ ಎರಡು ಸಂಖ್ಯೆ ಕೂಡಿದರೆ ಕೊಟ್ಟ ಮೊತ್ತ ಬರುತ್ತದೆ ಅಂತ ಕೇಳಿದ್ದರು. ತುಂಬಾ ಹಳೆಯ ಪ್ರಶ್ನೆ. ಎರಡು ಲೂಪ್ ಹಾಕಿ, ಅಂದರೆ ಪ್ರತಿ ಸಂಖ್ಯೆಯನ್ನೂ ಉಳಿದ ಒಂದೊಂದರ ಜೊತೆ ಕೂಡಿ ನೋಡಿದರಾಯಿತು ಅಂತ ತಕ್ಷಣ ಹೊಳೆದಿತ್ತು. ಅದು ನಿಧಾನದ ದಾರಿ, ಹೇಳಿದರೆ ಮರ್ಯಾದೆ ಹೋಗುತ್ತದೆ ಅಂತ ಬಾಯಿ ಬಿಡಲಿಲ್ಲ. ಜೊತೆಗೆ ಇಂಗ್ಲಿಷ್ ವಾಕ್ಯ ಬೇರೆ ಒಳಗೇ ಜೋಡಿಸಬೇಕು. ಹತ್ತು ನಿಮಿಷ ಸುಮ್ನೆ ಕೂತ. "ಆಗಲೇ ನೋಡಿದ ಸಂಖ್ಯೆಗಳನ್ನು ಎಲ್ಲಾದರೂ ಇಟ್ಟುಕೊಂಡರೆ?" ಅಂತ ಆ ಕಡೆಯವರು ಕೇಳಿದ್ದರು. ಕೊಟ್ಟದ್ದು ಸುಳಿವು. ಇವನಿಗೆ ಬೈದ ಹಾಗೆ ಕೇಳಿಸಿತ್ತು!

ಈ ಸುತ್ತು ಸಾಮಾನ್ಯವಾಗಿ 45ರಿಂದ 60 ನಿಮಿಷ. ನೀನು ಯೋಚಿಸುವುದು ಅವರಿಗೆ ಕೇಳಿಸಬೇಕು ಅಂದೆ. ಮೊದಲು ನೀನೇ ಪ್ರಶ್ನೆ ಕೇಳಪ್ಪ: ಪಟ್ಟಿ ಖಾಲಿ ಇರಬಹುದಾ, ಒಂದೇ ಸಂಖ್ಯೆ ಎರಡು ಸಲ ಬರುತ್ತಾ. ನಿಧಾನದ ದಾರಿಯನ್ನೇ ಮೊದಲು ಹೇಳು. ಅದು ಯಾಕೆ ನಿಧಾನ ಅಂತಲೂ ಹೇಳು. 10,000 ಸಂಖ್ಯೆ ಇದ್ದರೆ ಎರಡು ಲೂಪ್ ಸುಮಾರು 5 ಕೋಟಿ ಜೋಡಿ ನೋಡಬೇಕಾಗಬಹುದು. ಹ್ಯಾಶ್ ಮ್ಯಾಪ್ (ನೋಡಿದ ಸಂಖ್ಯೆಗಳನ್ನು ಇಟ್ಟುಕೊಂಡು, ಬೇಕಾದದ್ದು ಇದೆಯಾ ಅಂತ ಥಟ್ಟನೆ ಹೇಳುವ ವ್ಯವಸ್ಥೆ) ಇದ್ದರೆ ಪಟ್ಟಿಯನ್ನು ಒಂದು ಸಲ ಓದಿದರೆ ಸಾಕು.

ದಿನಾ ರಾತ್ರಿ ರೂಮ್‌ಮೇಟ್ ಮುಂದೆ ಒಂದು ಪ್ರಾಬ್ಲಂ, ಬಾಯಿಬಿಟ್ಟು ಮಾಡಬೇಕು. ಮೊದಲ ವಾರ ಕನ್ನಡದಲ್ಲೇ. ಎರಡನೇ ವಾರ ಇಂಗ್ಲಿಷ್, ವ್ಯಾಕರಣ ತಪ್ಪಿದರೆ ತಪ್ಪಲಿ. ಕೋಡನ್ನು ಸಾಲಿಗೆ ಬೆರಳಿಟ್ಟು ಓದಿಯೇ ತಪ್ಪು ಹುಡುಕಬೇಕು. ಎಷ್ಟೋ ಇಂಟರ್‌ವ್ಯೂಗಳಲ್ಲಿ ರನ್ ಮಾಡಿ ನೋಡಲು ಬಿಡುವುದಿಲ್ಲ. ರೆಸ್ಯೂಮೆಯಿಂದ ಒಂದು ಪ್ರಾಜೆಕ್ಟ್ ತೆಗೆಸಿದೆ. ಅದು ಗೆಳೆಯ ಬರೆದದ್ದು ಅಂತ ಕೆದಕಿದಾಗ ಒಪ್ಪಿಕೊಂಡ. ನಾನೇ ಹಿಡಿದೆ, ಅವರು ಬಿಡುತ್ತಾರಾ?

ಇನ್ನು ಅಪ್ಪ. "ನಾಲ್ಕು ಕಡೆ ಮೊದಲ ಸುತ್ತು ದಾಟಿದ್ದೀನಿ" ಅಂತ ಹೇಳು ಅಂದೆ. ಅದೂ ನಿಜ ತಾನೆ.

ಮೂರು ವಾರ ಬಿಟ್ಟು ಬಂದ. ಐದನೇ ಕಡೆಯೂ ಕೆಲಸ ಸಿಕ್ಕಿರಲಿಲ್ಲ. ಆದರೆ ಈ ಸಲ ಮೂರನೇ ಸುತ್ತಿನವರೆಗೆ ಹೋಗಿದ್ದ. "ಒಂದು ಗಂಟೆ ನಾನೇ ಮಾತಾಡಿದೆ ಮೇಡಂ, ಗಂಟಲು ಕಟ್ಕೊಂಡುಬಿಡ್ತು" ಅಂತ ನಕ್ಕ.