ಎರಡನೇ ಪುಟದ ಎರಡು ವಾಕ್ಯ

ಪ್ರಿಯರೇ,

ಚಿತ್ರದುರ್ಗದಿಂದ ನೀವು ಕಳಿಸಿದ ‘ಆಂಬುಲೆನ್ಸ್: ಅಲ್ಲಿ ಮತ್ತು ಇಲ್ಲಿ’ ಓದಿದೆ. ಭಾಷೆ ತಿಳಿಯಾಗಿದೆ, ಶ್ರಮ ಕಾಣುತ್ತದೆ. ನನ್ನ ಜಗಳ ಎರಡನೇ ಪುಟದ ಎರಡು ವಾಕ್ಯಗಳ ಜೊತೆ.

ಮೊದಲನೆಯದು: ‘ಮುಂದುವರಿದ ದೇಶಗಳಲ್ಲಿ ಕರೆ ಮಾಡಿದ ಕೂಡಲೇ ರೋಗಿಯನ್ನು ಆಸ್ಪತ್ರೆಗೆ ಸಾಗಿಸುತ್ತಾರೆ.’ ಯಾವ ದೇಶ ಸ್ವಾಮಿ? ಫ್ರಾನ್ಸಿನಲ್ಲಿ ತುರ್ತು ವೈದ್ಯಕೀಯ ಸಂಖ್ಯೆ 15ಕ್ಕೆ ಫೋನ್ ಮಾಡಿದರೆ ಏನು ಕಳಿಸಬೇಕೆಂದು ತೀರ್ಮಾನಿಸುವವರು ವೈದ್ಯರು. ಸ್ಥಿತಿ ಗಂಭೀರವಾಗಿದ್ದರೆ ಡಾಕ್ಟರೇ ಬಂದು ರೋಗಿ ಇದ್ದಲ್ಲೇ ಚಿಕಿತ್ಸೆ ಶುರು ಮಾಡುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಬರುವವರು ಡಾಕ್ಟರಲ್ಲ, ತುರ್ತು ಚಿಕಿತ್ಸೆಯಲ್ಲಿ ತರಬೇತಾದ ಪ್ಯಾರಾಮೆಡಿಕ್‌ಗಳು. ಬೇಗ ಆಸ್ಪತ್ರೆ ಮುಟ್ಟಿಸುವುದರ ಕಡೆಗೇ ಅವರ ಒಲವು. ಹೋಲಿಕೆಯ ಲೇಖನಕ್ಕೆ ಜೀವ ಬರುವುದೇ ಇಲ್ಲಿ. ನೀವೋ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೀರಿ.

ಎರಡನೆಯದು: ‘ನಮ್ಮಲ್ಲಿ ಮಾತ್ರ ಇನ್ನೂ ಅಂಬೆಗಾಲು.’ ಯಾವ ಇಸವಿಯಿಂದ ಲೆಕ್ಕ ಹಾಕಿದಿರಿ? ಲಂಡನ್ನಿನಲ್ಲಿ ತುರ್ತು ಕರೆಯ ಸಂಖ್ಯೆ 999 ಶುರುವಾದದ್ದು 1937ರಲ್ಲಿ, ಕರ್ನಾಟಕಕ್ಕೆ 108 ಬಂದದ್ದು 2008ರಲ್ಲಿ. ಅಮೆರಿಕದಲ್ಲೂ 1960ರ ದಶಕದಲ್ಲಿ ಎಷ್ಟೋ ಊರುಗಳ ಗಾಯಾಳುಗಳನ್ನು ಒಯ್ಯುತ್ತಿದ್ದವರು ಶವಸಂಸ್ಕಾರದ ವ್ಯಾಪಾರದವರು, ಅದೂ ಹೆಣ ಸಾಗಿಸುವ ಗಾಡಿಯಲ್ಲಿ! 1966ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅಪಘಾತದ ಸಾವುಗಳ ಬಗ್ಗೆ ಕಟುವಾದ ವರದಿ ಕೊಟ್ಟ ಮೇಲೆ ಸರ್ಕಾರ ಮೈಕೊಡವಿತು. ಇದರ ಸುಳಿವೂ ನಿಮ್ಮಲ್ಲಿಲ್ಲ. ಬೇರೆಯವರ ಇಂದನ್ನು ನಮ್ಮ ಇಂದಿಗೆ ತೂಗಿ, ನಡುವಿನ ವರ್ಷಗಳನ್ನು ನುಂಗಿಬಿಟ್ಟರೆ ಉಳಿಯುವುದು ಬರೀ ಹಳಹಳಿಕೆ.

ನಾನು ಕೆಲಸ ಕಲಿತದ್ದು ದಾವಣಗೆರೆಯ ಒಂದು ಪುಟ್ಟ ಪತ್ರಿಕೆಯಲ್ಲಿ, 108 ಇಲ್ಲದ ಕಾಲದಲ್ಲಿ. ಹೆದ್ದಾರಿ ಅಪಘಾತದ ಸುದ್ದಿ ತಂದರೆ ನಮ್ಮ ಯಜಮಾನರು ಸತ್ತವರೆಷ್ಟು ಅಂತ ಕೇಳುವ ಮೊದಲೇ ‘ಯಾವ ಗಾಡ್ಯಾಗೆ ಒಯ್ದ್ರೋ?’ ಅನ್ನೋರು. ಲಾರಿಯೋ, ಟೆಂಪೋನೋ? ಭರಮಸಾಗರದ ಹತ್ತಿರ ಬಿದ್ದವನನ್ನು ದುರ್ಗಕ್ಕೋ ದಾವಣಗೆರೆಗೋ, ಯಾರು ತೀರ್ಮಾನಿಸಿದರು? ಉತ್ತರ ಇಲ್ಲದಿದ್ದರೆ ಹಾಳೆ ವಾಪಸ್. ಆಗ ಕಿರುಕುಳ ಅನ್ನಿಸುತ್ತಿತ್ತು. ಈಗಲೂ ಸ್ವಲ್ಪ ಹಾಗೇ ಅನ್ನಿಸುತ್ತದೆ. ಆದರೆ ಫ್ರಾನ್ಸಿಗೂ ಅಮೆರಿಕಕ್ಕೂ ಇರುವ ವ್ಯತ್ಯಾಸ ‘ಯಾರು ತೀರ್ಮಾನಿಸಿದರು’ ಅನ್ನುವ ಆ ಪ್ರಶ್ನೆಯೊಳಗೇ ಇದೆಯಲ್ಲ!

ಹಿರಿಯೂರಿನ ಇಎಂಟಿಯೊಬ್ಬರ (ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ) ಮಾತನ್ನು ನಾಲ್ಕೇ ಸಾಲಿಗೆ ಮುಗಿಸಿದ್ದೀರಿ. ಮತ್ತೆ ಅವರ ಹತ್ತಿರ ಹೋಗಿ. ಕರೆ ಬಂದಾಗ ಯಾರು ಏನು ಕೇಳುತ್ತಾರೆ, ಯಾವ ಆಸ್ಪತ್ರೆಗೆ ಎಂದು ಯಾರು ಹೇಳುತ್ತಾರೆ, ಬರೆದುಕೊಂಡು ಬನ್ನಿ. ಅದನ್ನು ಫ್ರಾನ್ಸಿನ ಪಕ್ಕಕ್ಕಿಡಿ. ಜಪಾನಿನ ಪ್ಯಾರಾ ತೆಗೆಯಿರಿ. ಫೋಟೊ ಬೇಡ.