ಲ್ಯಾಬ್, ಸ್ಕ್ಯಾನ್ ಇಲ್ಲದ ಕ್ಲಿನಿಕ್‌ನಲ್ಲಿ ಯಾರನ್ನು ಮನೆಗೆ ಕಳಿಸುವುದು, ಯಾರನ್ನು ಆಸ್ಪತ್ರೆಗೆ?

"ಸ್ಕ್ಯಾನ್ ಇಲ್ಲ, ಲ್ಯಾಬ್ ಇಲ್ಲ, ಸ್ಪೆಷಲಿಸ್ಟ್ ಹತ್ತಿರದಲ್ಲಿಲ್ಲ. ಸಣ್ಣ ಊರಿನ ಫ್ಯಾಮಿಲಿ ಡಾಕ್ಟರ್ ಯಾರನ್ನು ಮನೆಗೆ ಕಳಿಸಬಹುದು, ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಅಂತ ಹೇಗೆ ತೀರ್ಮಾನ ಮಾಡ್ತಾರೆ?" ಎಂದು ಕೇಳಿದ್ದೀರಿ. ನನ್ನ ದಿನದ ಕೆಲಸವೇ ಇದು.

ರೋಗದ ಹೆಸರು ನಾಳೆ ಗೊತ್ತಾದರೂ ಎಷ್ಟೋ ಸಲ ನಡೆಯುತ್ತದೆ. ಈ ಮನುಷ್ಯ ಇವತ್ತು ರಾತ್ರಿ ಮನೆಯಲ್ಲಿ ಮಲಗಬಹುದೇ ಅನ್ನುವುದು ಮಾತ್ರ ಈಗಲೇ ಗೊತ್ತಾಗಬೇಕು. ಅದಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಸೆಕೆಂಡಿನ ಮುಳ್ಳಿರುವ ಗಡಿಯಾರ.

ಕೆಮ್ಮು, ಜ್ವರ ಅಂತ ಮಗುವನ್ನು ತಂದರೆ ಸ್ಟೆತಸ್ಕೋಪ್ ಇಡುವ ಮೊದಲೇ ಉಸಿರು ಎಣಿಸಬೇಕು. ಮುಟ್ಟಿದರೆ ಅಳುತ್ತದೆ, ಅತ್ತರೆ ಎಣಿಕೆ ಕೆಟ್ಟಿತು. ಮಗು ತಾಯಿಯ ಮಡಿಲಲ್ಲೇ ಇರಲಿ. ಅಂಗಿಯನ್ನು ಅವರ ಕೈಯಿಂದಲೇ ಎದೆಯವರೆಗೆ ಎತ್ತಿಸಿ, ಹೊಟ್ಟೆ ಏರಿಳಿಯುವುದನ್ನು ನೋಡುತ್ತಾ ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಎಳೆಗೂಸುಗಳ ಉಸಿರು ಒಮ್ಮೆ ಓಡುತ್ತದೆ, ಒಮ್ಮೆ ತಡೆಯುತ್ತದೆ. ಜೊತೆಗೆ ಎಣಿಕೆಯ ಒಂದು ತಪ್ಪು ಗುಣಿಸಿದಾಗ ನಾಲ್ಕಾಗುತ್ತದೆ. 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಅಲ್ಲಿಂದ 1 ವರ್ಷದೊಳಗೆ 50, 1ರಿಂದ 5 ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೇಗದ ಉಸಿರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ತೀರಾ ಸಣ್ಣ ಕೂಸಿನಲ್ಲಿ 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ ಖಾತ್ರಿ ಮಾಡಿಕೊಳ್ಳಿ.

ಎಣಿಸುವಾಗಲೇ ಪಕ್ಕೆಲುಬಿನ ಕೆಳಭಾಗದ ಮೇಲೂ ಕಣ್ಣಿರಲಿ. ಉಸಿರು ಎಳೆದಾಗ ಅದು ಒಳಗೆ ಗುಳಿ ಬೀಳುತ್ತಿದ್ದರೆ ಶ್ವಾಸಕೋಶ ಕಷ್ಟಪಡುತ್ತಿದೆ ಎಂದರ್ಥ. ಮಗು ಏನನ್ನೂ ಕುಡಿಯಲಾಗದಿದ್ದರೆ, ಕುಡಿದದ್ದನ್ನೆಲ್ಲ ವಾಂತಿ ಮಾಡುತ್ತಿದ್ದರೆ, ಫಿಟ್ಸ್ ಬಂದಿದ್ದರೆ, ಮಂಕಾಗಿ ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಇವುಗಳಲ್ಲಿ ಒಂದೇ ಒಂದು ಇದ್ದರೂ ಆಸ್ಪತ್ರೆಗೆ ಕಳಿಸಲೇಬೇಕು. 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ, ನೋಡಲು ಎಷ್ಟೇ ಚೆನ್ನಾಗಿದ್ದರೂ ನಾನು ಮನೆಗೆ ಕಳಿಸುವುದಿಲ್ಲ.

ಮನೆಗೆ ಕಳಿಸುವ ಮಗುವಿಗೂ ಒಂದು ಅಪಾಯ ಕಾದಿರುತ್ತದೆ: ಪ್ಯಾರಾಸಿಟಮಾಲ್ ಅಳತೆ. ಕಿಲೋ ತೂಕಕ್ಕೆ 15 ಮಿ.ಗ್ರಾಂ ಲೆಕ್ಕದಲ್ಲಿ 10 ಕಿಲೋ ಮಗುವಿಗೆ ಒಂದು ಸಲಕ್ಕೆ 150 ಮಿ.ಗ್ರಾಂ. ಆದರೆ 5 ಎಂಎಲ್‌ಗೆ 250 ಮಿ.ಗ್ರಾಂ ಇರುವ ಸಿರಪ್ ಆದರೆ 3 ಎಂಎಲ್, 120 ಮಿ.ಗ್ರಾಂ ಇರುವ ಸಿರಪ್ ಆದರೆ 6 ಎಂಎಲ್‌ಗೆ ಸ್ವಲ್ಪ ಹೆಚ್ಚು. 1 ಎಂಎಲ್‌ಗೆ 100 ಮಿ.ಗ್ರಾಂ ಇರುವ ಡ್ರಾಪ್ಸ್ ಆದರೆ ಒಂದೂವರೆ ಎಂಎಲ್ ಸಾಕು. ಮನೆಯಲ್ಲಿ ಡ್ರಾಪ್ಸ್ ಬಾಟಲಿ ಇದ್ದು, ಸಿರಪ್‌ನ ಹಾಗೆ 5 ಎಂಎಲ್ ಕೊಟ್ಟರೆ 500 ಮಿ.ಗ್ರಾಂ ಒಳಗೆ ಹೋಯಿತು. ಹಾಗಾಗಿ ಮನೆಯಲ್ಲಿರುವ ಬಾಟಲಿಯನ್ನೇ ತರಿಸಿ ನೋಡಿ, ಚೀಟಿಯಲ್ಲಿ "ಒಂದು ಚಮಚ" ಎಂದು ಬರೆಯದೆ ಎಂಎಲ್‌ನಲ್ಲೇ ಬರೆಯಿರಿ. ಸೂಜಿಯಿಲ್ಲದ ಸಿರಿಂಜ್ ಮೇಲೆ ಗೆರೆ ಎಳೆದು ಕೊಟ್ಟರೆ ಇನ್ನೂ ಒಳ್ಳೆಯದು. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ, ದಿನಕ್ಕೆ 4 ಸಲಕ್ಕಿಂತ ಹೆಚ್ಚಿಲ್ಲ.

ದೊಡ್ಡವರಲ್ಲಿ ನಮ್ಮನ್ನು ಅತಿ ಹೆಚ್ಚು ಮೋಸಗೊಳಿಸುವುದು ಎದೆನೋವು. ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲ ಇಸಿಜಿ ನಾರ್ಮಲ್ ಬಂದಿತೆಂದು ನೆಮ್ಮದಿ ಪಡಬೇಡಿ. ಹಾರ್ಟ್ ಅಟ್ಯಾಕ್ ಆಗುತ್ತಿದ್ದರೂ ಅದು ನಾರ್ಮಲ್ ಇರಬಹುದು. ನೋವು ಮುಂದುವರಿದರೆ 15-30 ನಿಮಿಷದಲ್ಲಿ ಮತ್ತೆ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ನಾರ್ಮಲ್ ಇದ್ದು ಅನುಮಾನ ಉಳಿದರೂ ಆಸ್ಪತ್ರೆಗೆ ಕಳಿಸಿಬಿಡಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೊನಿನ್ ರಕ್ತಪರೀಕ್ಷೆ ಅಲ್ಲಿ ಆಗುತ್ತದೆ. ಗ್ಯಾಸಿನ ಔಷಧ ಕುಡಿದು ನೋವು ಇಳಿಯಿತು ಎಂದ ಮಾತ್ರಕ್ಕೆ ಹೃದಯದ್ದಲ್ಲ ಎಂದಾಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಬೆವರು, ಏದುಸಿರು ಬರಬಹುದು. ಅನುಮಾನ ಬಲವಾಗಿದ್ದು, ಅಲರ್ಜಿ ಅಥವಾ ರಕ್ತಸ್ರಾವ ಇಲ್ಲದಿದ್ದರೆ 300 ಮಿ.ಗ್ರಾಂ ಆಸ್ಪಿರಿನ್ ಅಗಿಯಲು ಕೊಟ್ಟು ಆಂಬುಲೆನ್ಸ್‌ನಲ್ಲೇ ಕಳಿಸಬೇಕು. ಕೊಟ್ಟ ಹೊತ್ತು, ನೋವು ಶುರುವಾದ ಹೊತ್ತು ಎರಡನ್ನೂ ಪತ್ರದಲ್ಲಿ ಬರೆಯಿರಿ. ಅಲ್ಲಿನವರು ಮೊದಲು ಕೇಳುವುದು ಅದನ್ನೇ.

ಇನ್ನು ಇಂಜೆಕ್ಷನ್ ಕೊಟ್ಟ ಮೇಲೆ ಬರುವ ತೀವ್ರ ಅಲರ್ಜಿ. ಇದರಲ್ಲಿ ಮಾತ್ರ ಕಾದು ನೋಡುವ ಮಾತೇ ಇಲ್ಲ. ಉಸಿರು ಕಟ್ಟಿದರೆ, ಬಿಪಿ ಬಿದ್ದರೆ ಮೊದಲ ಔಷಧ ಅಡ್ರಿನಲಿನ್: 1 ಎಂಎಲ್‌ಗೆ 1 ಮಿ.ಗ್ರಾಂ ಇರುವ ಆಂಪೂಲ್‌ನಿಂದ (ಇಂಜೆಕ್ಷನ್ ಔಷಧದ ಸಣ್ಣ ಗಾಜಿನ ಶೀಶೆ) ದೊಡ್ಡವರಿಗೆ 0.5 ಎಂಎಲ್, ಮಕ್ಕಳಿಗೆ ಕಿಲೋಗೆ 0.01 ಎಂಎಲ್, ತೊಡೆಯ ನಡುಭಾಗದ ಹೊರಬದಿಯ ಮಾಂಸಖಂಡಕ್ಕೆ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು. ಆವಿಲ್ (ಅಲರ್ಜಿಯ ಮಾಮೂಲಿ ಔಷಧ), ಸ್ಟೀರಾಯ್ಡ್ ಹುಡುಕುತ್ತಾ ಈ ನಿಮಿಷಗಳನ್ನು ಕಳೆಯುವುದೇ ದೊಡ್ಡ ತಪ್ಪು. ಮಲಗಿಸಿ ಕಾಲು ಎತ್ತರಕ್ಕಿಡಿ, ಏದುಸಿರಿದ್ದರೆ ಕೂರಿಸಿ, ಎದ್ದು ನಡೆಯಲು ಮಾತ್ರ ಬಿಡಬೇಡಿ. ಆಂಪೂಲ್ ಮತ್ತು 1 ಎಂಎಲ್ ಸಿರಿಂಜ್ ಒಂದೇ ಟ್ರೇಯಲ್ಲಿ, ಬೀಗವಿಲ್ಲದ ಕಡೆ ಇರಲಿ.

ಮನೆಗೆ ಕಳಿಸುವಾಗ "ಕಡಿಮೆಯಾಗದಿದ್ದರೆ ಬನ್ನಿ" ಎಂದರೆ ಏನೂ ಹೇಳಿದಂತಲ್ಲ. ಏನು ಕಂಡರೆ, ಎಷ್ಟು ಹೊತ್ತಿನೊಳಗೆ, ರಾತ್ರಿಯಾದರೆ ಎಲ್ಲಿಗೆ ಎಂಬ ಮೂರನ್ನೂ ಹೇಳಿ, ಅವರ ಬಾಯಿಂದಲೇ ಒಮ್ಮೆ ಹೇಳಿಸಬೇಕು. ಅನುಮಾನವಿಟ್ಟುಕೊಂಡೇ ಕಳಿಸಿದವರ ಹೆಸರು ಒಂದು ಪುಸ್ತಕದಲ್ಲಿರಲಿ. ಕ್ಲಿನಿಕ್ ಮುಚ್ಚುವ ಮುಂಚೆ ಅವರಿಗೆಲ್ಲ ಫೋನ್ ಮಾಡಿ. ಪಕ್ಕದ ಮನೆಯವರ ನಂಬರ್ ಕೂಡ ಬರೆಸಿಕೊಂಡಿರಿ, ಕಾಯಿಲೆ ಬಿದ್ದ ಮನೆಯಲ್ಲಿ ಎಷ್ಟೋ ಸಲ ಫೋನ್ ಎತ್ತುವವರೇ ಇರುವುದಿಲ್ಲ.