ಪ್ರತಿಕ್ರಿಯೆ: ಹೆಣೆದ ಹ್ಯಾಲೋವೀನ್ ಕುಂಬಳ ಚೆಂಡಿನಂತಾಗುತ್ತದೆ, ಹತ್ತಿಯೂ ಇಣುಕುತ್ತದೆ

ಎರಡಕ್ಕೂ ಕಾರಣ ಬೇರೆ ಬೇರೆ. ಹತ್ತಿ ಇಣುಕುವುದು ಹೆಣಿಗೆ ಕಡ್ಡಿ ದಪ್ಪವಾದ್ದರಿಂದ. ಡಿಕೆ (ಡಬಲ್ ನಿಟಿಂಗ್ ಅನ್ನುವ, ಹೆಚ್ಚು ದಪ್ಪವಲ್ಲದ) ದಾರದ ಲೇಬಲ್ಲಿನಲ್ಲಿ 4 ಮಿ.ಮೀ. ಅಂತ ಇರುವುದು ಸ್ವೆಟರಿಗೆ. ಗೊಂಬೆಗೆ 3 ಮಿ.ಮೀ. ತೊಗೊಳ್ಳಿ. ಕೈ ಸ್ವಲ್ಪ ನೋಯುತ್ತದೆ, ಆದರೆ ಹೆಣಿಗೆ ಬಿಗಿಯಾಗುತ್ತದೆ.

ಚೆಂಡಿನಂತಾಗುವುದು ನೀವು ಪೂರ್ತಿ ಸಾದಾ ಹೆಣೆದದ್ದರಿಂದ. ಸಿಹಿಗುಂಬಳದ ಹೋಳುಗೆರೆ ಬರಬೇಕಾದರೆ ಪರ್ಲ್ (ಉಲ್ಟಾ ಹೆಣಿಗೆ) ಗೆರೆ ಬೇಕು. 42 ಸ್ಟಿಚ್ ಹಾಕಿ: ಅಂಚಿಗೆ ಒಂದೊಂದು, ನಡುವೆ '4 ನಿಟ್ (ಸಾದಾ), 1 ಪರ್ಲ್' ಎಂಟು ಸಲ. ಹಿಂಬದಿಯಲ್ಲಿ ಕಂಡಂತೆಯೇ ಹೆಣೆಯಿರಿ, ನಿಟ್ ಕಂಡಲ್ಲಿ ನಿಟ್, ಪರ್ಲ್ ಕಂಡಲ್ಲಿ ಪರ್ಲ್. 9 ಸೆಂ.ಮೀ. ಆದಮೇಲೆ ಸ್ಟಿಚ್ ಮುಚ್ಚಬೇಡಿ, ದಾರ ಪೋಣಿಸಿ ಸುರುಕಿ ಎಳೆಯಿರಿ. ಪಕ್ಕ ಹೊಲಿದು, ಪಾಲಿಯೆಸ್ಟರ್ ಹತ್ತಿಯನ್ನು ಚಿಕ್ಕ ಚಿಕ್ಕದಾಗಿ ಬಿಡಿಸಿ ತುಂಬಿ, ಕೆಳಗಿನ ಬಾಯನ್ನೂ ಸುರುಕಿ. ದೊಡ್ಡ ಉಂಡೆ ತುರುಕಿದರೆ ಗಂಟುಗಂಟಾಗುತ್ತದೆ.

ನಿಜವಾದ ಆಕಾರ ಬರುವುದು ಇಲ್ಲಿಂದ. ಗಟ್ಟಿ ನೂಲನ್ನು ಎರಡೆಳೆ ಮಾಡಿ, ತಳದ ಮಧ್ಯದಿಂದ ಚುಚ್ಚಿ ನೆತ್ತಿಯಲ್ಲಿ ತೆಗೆಯಿರಿ. ಹೊರಗಿನಿಂದ ಒಂದು ಪರ್ಲ್ ಗೆರೆಯ ಮೇಲೆ ತಳಕ್ಕೆ ಇಳಿಸಿ, ಮತ್ತೆ ಚುಚ್ಚಿ ಎಳೆಯಿರಿ. ಎಂಟೂ ಗೆರೆಗೆ ಹೀಗೇ. ಹೆಣೆದ ಅಕ್ರಿಲಿಕ್ ದಾರವನ್ನೇ ಬಳಸಿದರೆ ಎಳೆಯುವಾಗ ತುಂಡಾಗಬಹುದು. ತೀರಾ ಗಟ್ಟಿಯಾಗಿ ತುಂಬಿದ್ದರೆ ಗೆರೆ ಒಳಗೆ ಇಳಿಯುವುದೇ ಇಲ್ಲ.

ತೊಟ್ಟಿಗೆ 4 ಸ್ಟಿಚ್‌ನ ಹಸಿರು ಐ-ಕಾರ್ಡ್ (ಕೊಳವೆಯಂತೆ ಹೆಣೆದ ಸಣ್ಣ ಹುರಿ), 3 ಸೆಂ.ಮೀ. ಸಾಕು.

ಮಗುವಿಗೆ ಎರಡು ವರ್ಷ ಅಂದಿದ್ದೀರಿ. ಹಾಗಾದರೆ ಪ್ಲಾಸ್ಟಿಕ್ ಕಣ್ಣು, ಗುಂಡಿ ಬೇಡವೇ ಬೇಡ, ಕಿತ್ತು ಬಾಯಿಗೆ ಹಾಕಿಕೊಂಡರೆ ಅಪಾಯ. ಕಪ್ಪು ದಾರದಲ್ಲಿ ಕಸೂತಿ ಕಣ್ಣು ಹಾಕಿ. ಗೆರೆ ಎಳೆದ ಮೇಲೆಯೇ, ಇಲ್ಲದಿದ್ದರೆ ಮುಖ ಸೊಟ್ಟಗಾಗುತ್ತದೆ.